ಪಾದಕ್ಕೊಂದಿಷ್ಟು ಜಾಗ

ಸೈಕಲ್ ಕೊಳ್ಳಲು ಹೋದಾಗ ಅಂಗಡಿಯವರು ಸೀಟಿನ ಎತ್ತರ ನೋಡುತ್ತಾರೆ, ಹ್ಯಾಂಡಲ್ ಕೈಗೆ ಎಟುಕುತ್ತದೆಯೇ ಎಂದು ವಿಚಾರಿಸುತ್ತಾರೆ, ತೀರಾ ಕಾಳಜಿಯುಳ್ಳವರಾದರೆ ಮಂಡಿ ಎಷ್ಟು ಮಡಿಯುತ್ತದೆ ಎಂಬುದನ್ನೂ ಗಮನಿಸುತ್ತಾರೆ. ಪಾದದ ಸುತ್ತ ಎಷ್ಟು ಜಾಗ ಉಳಿದಿದೆ ಎಂದು ಕೇಳಿದವರನ್ನು ನಾನು ಕಂಡದ್ದು ಅಪರೂಪ. ಪಾದವಾದರೋ ತುಳಿಯುವಷ್ಟು ಹೊತ್ತೂ ಇಕ್ಕಟ್ಟಿನಲ್ಲೇ ಸುತ್ತುತ್ತಿರುತ್ತದೆ. ಅದರ ಮುಂದೆ ಚಕ್ರವಿದೆ, ಒಳಗಡೆ ಪೆಡಲನ್ನು ಹೊತ್ತು ಸುತ್ತುವ ಕ್ರ್ಯಾಂಕ್ ಎಂಬ ತೋಳಿದೆ, ಹಿಂದೆ ಚೈನ್‌ಸ್ಟೇ ಎಂದು ಕರೆಯುವ ಕೊಳವೆಯೂ ಸಾಮಾನಿನ ಚೀಲವೂ ಇವೆ, ಕೆಳಗೆ ರಸ್ತೆಯಿದೆ. ನನ್ನ ಹಳೆಯ ಸೈಕಲ್ಲಿನ ಬಲಗಡೆಯ ಕ್ರ್ಯಾಂಕಿನ ಮೇಲೆ, ಅಚ್ಚಿಗೆ ಹತ್ತಿರವಿರುವ ಅರ್ಧಭಾಗದಲ್ಲಿ, ಕಪ್ಪು ಬಣ್ಣ ಸವೆದು ಒಳಗಿನ ಅಲ್ಯುಮಿನಿಯಂ ಹೊಳೆಯುವ ಹೆಬ್ಬೆರಳಗಲದ ಪಟ್ಟೆಯೊಂದಿದೆ. ಎಡಗಡೆಯ ಕ್ರ್ಯಾಂಕಿನ ಬಣ್ಣ ಇನ್ನೂ ಹೊಸದರಂತಿದೆ. ನಡೆಯುವಾಗ ನನ್ನ ಬಲಪಾದದ ಬೆರಳುಗಳು ಹೊರಕ್ಕೂ ಹಿಮ್ಮಡಿ ಒಳಕ್ಕೂ ತಿರುಗಿರುತ್ತವೆ, ಎಡಪಾದ ಬಹುಮಟ್ಟಿಗೆ ನೇರ. ಎರಡೂ ಬೂಟುಗಳಿಗೆ ಕ್ಲೀಟನ್ನು, ಎಂದರೆ ಬೂಟನ್ನು ಪೆಡಲಿಗೆ ಸಿಕ್ಕಿಸಲು ಅದರ ಅಡಿಯಲ್ಲಿ ಬಿಗಿಯುವ ಕೊಂಡಿಯನ್ನು, ಒಂದೇ ಅಳತೆಯಲ್ಲಿ ಕೂರಿಸಿದರೆ ಏನಾಗುತ್ತದೆ ಎಂಬುದನ್ನು ಆ ಪಟ್ಟೆಯೇ ಹೇಳುತ್ತದೆ.

ಈ ನಾಲ್ಕು ಕಡೆಯ ಜಾಗವೂ ಮಿಲಿಮೀಟರ್ ಲೆಕ್ಕದ್ದು, ಮತ್ತು ಒಂದು ಕಡೆ ಗಳಿಸಿದ್ದಕ್ಕೆ ಇನ್ನೊಂದು ಕಡೆ ತೆರಬೇಕಾಗುತ್ತದೆ. ಕ್ಲೀಟನ್ನು ಬೂಟಿನಡಿಯಲ್ಲಿ ಹಿಂದಕ್ಕೆ ಸರಿಸಿದರೆ ಮೀನಖಂಡಕ್ಕೆ ಹಾಯೆನಿಸುತ್ತದೆ, ಆದರೆ ಪಾದವೇ ಮುಂದಕ್ಕೆ ಹೋಗಿ ಬೂಟಿನ ಮೂತಿ ಚಕ್ರಕ್ಕೆ ಹತ್ತಿರವಾಗುತ್ತದೆ. ಮುಂದಕ್ಕೆ ಸರಿಸಿದರೆ ಮೂತಿ ಚಕ್ರದಿಂದ ದೂರವಾಗುತ್ತದೆ, ಆಗ ಹಿಮ್ಮಡಿ ಹಿಂದಿನ ಚೀಲಕ್ಕೆ ಬಡಿಯಲು ಶುರುವಾಗುತ್ತದೆ. ಪಾದವನ್ನು ಕ್ರ್ಯಾಂಕಿನಿಂದ ಆಚೆಗೆ ತಳ್ಳಿದರೆ ಕಾಲಿನ ಹರಡಿಗೆ ಜಾಗ ಸಿಕ್ಕರೂ ಮಂಡಿ ಚಲಿಸುವ ಸಾಲು ಬದಲಾಗುತ್ತದೆ. ಹಾಗಾಗಿ ಇಂತಿಷ್ಟೇ ಸರಿ ಎಂದು ಯಾವ ಕೋಷ್ಟಕವೂ ಹೇಳಲಾರದು. ಮೊದಲು ಪಾದ ತಾನಾಗಿ ಹೇಗೆ ನಿಲ್ಲುತ್ತದೆ ಎಂದು ನೋಡಿ, ಅದಕ್ಕೆ ತಕ್ಕಂತೆ ಕ್ಲೀಟನ್ನು ಕೂರಿಸಿ, ಆಮೇಲೂ ಉಳಿಯುವ ಇಕ್ಕಟ್ಟನ್ನು ಪೆಡಲ್, ಕ್ರ್ಯಾಂಕ್, ಚೀಲ ಇವುಗಳ ಮೂಲಕ ಬಗೆಹರಿಸಬೇಕು ಎಂಬುದು ನಾನು ಅನುಸರಿಸುವ ಕ್ರಮ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಕ್ಲೀಟನ್ನು ಸರಿಸುವುದಕ್ಕೆ ಕಾಸು ಬೇಡ, ಆದ್ದರಿಂದಲೋ ಏನೋ ಅದು ಪರಿಹಾರವೆಂದು ಯಾರಿಗೂ ತೋರುವುದಿಲ್ಲ.

ನಮ್ಮ ತಲೆಮಾರಿನವರಿಗೆ ಈ ಇಕ್ಕಟ್ಟು ಹೊಸದಲ್ಲ. ಸೀಟಿನಿಂದ ಪೆಡಲಿಗೆ ಕಾಲು ಎಟುಕದ ವಯಸ್ಸಿನಲ್ಲಿ ಅಪ್ಪನ ಅಟ್ಲಾಸ್ ಅಥವಾ ಹೀರೊ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದವರೆಲ್ಲರ ಬಲಗಾಲಿಗೂ ಚೈನಿನ ಕರಿ ಮೆತ್ತಿದೆ, ಹರಡಿನ ಮೂಳೆಗೆ ಕಾಟರ್ ಪಿನ್ನಿನ ನಟ್ಟು ತರಚಿದೆ. ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುತ್ತಿದ್ದ ಆ ಪಿನ್ನಿನ ತುದಿ ಹೊರಗೆ ಚಾಚಿಕೊಂಡಿರುತ್ತಿದ್ದುದರಿಂದ ಪೈಜಾಮದ ಅಂಚುಗಳೂ ಅದಕ್ಕೆ ಬಲಿಯಾಗುತ್ತಿದ್ದವು. ಆದರೆ ಒಂದು ವಿಷಯದಲ್ಲಿ ಆ ಕರಿ ಸೈಕಲ್ಲು ಉದಾರವಾಗಿತ್ತು. ಎಷ್ಟೇ ಗಿರಕಿ ಹೊಡೆಸಿದರೂ ಅದರ ಮುಂದಿನ ಚಕ್ರ ಕಾಲ್ಬೆರಳಿಗೆ ತಾಗುತ್ತಿರಲಿಲ್ಲ. ಅದರ 28 ಇಂಚಿನ ಚಕ್ರದಲ್ಲಿ ಟಯರು ಕೂರುವ ಜಾಗದ ವ್ಯಾಸ 635 ಮಿ.ಮೀ., ಇವತ್ತಿನ ರೋಡ್ ಸೈಕಲ್ಲುಗಳ 700ಸಿ ಚಕ್ರದ್ದು 622 ಮಿ.ಮೀ. ಚಕ್ರ ದೊಡ್ಡದಿದ್ದೂ ತಾಗದಿರಲು ಕಾರಣ, ಮುಂದಿನ ಚಕ್ರವನ್ನು ಹಿಡಿದಿರುವ ಅದರ ಕವಲು, ಅಂದರೆ ಫೋರ್ಕು, ಚೆನ್ನಾಗಿ ಓರೆಯಾಗಿ ಮುಂದಕ್ಕೆ ಚಾಚಿಕೊಂಡು ಚಕ್ರವನ್ನು ಪೆಡಲಿನಿಂದ ದೂರ ಇಟ್ಟಿರುತ್ತಿದ್ದುದು. ಹಾಲಿನ ಕ್ಯಾನು ಹೊತ್ತು ನೇರ ರಸ್ತೆಯಲ್ಲಿ ನಿಧಾನವಾಗಿ ಸಾಗುವ ಸೈಕಲ್ಲಿಗೆ ಆ ಓರೆ ಒಪ್ಪುತ್ತದೆ. ಚುರುಕಾಗಿ ತಿರುಗಬೇಕಾದ ಸೈಕಲ್ಲಿನಲ್ಲಿ ಫೋರ್ಕು ನೆಟ್ಟಗಾಗುತ್ತದೆ, ಚಕ್ರ ಹಿಂದಕ್ಕೆ ಬರುತ್ತದೆ.

ಎಷ್ಟು ಹಿಂದಕ್ಕೆ ಎಂಬುದನ್ನು ಒಂದು ಕೂಡುವ ಕಳೆಯುವ ಲೆಕ್ಕದಿಂದ ತಿಳಿಯಬಹುದು. ಚಿಕ್ಕ ಅಳತೆಯ ರೋಡ್ ಸೈಕಲ್ಲಿನಲ್ಲಿ ಕ್ರ್ಯಾಂಕಿನ ಅಚ್ಚಿನಿಂದ ಮುಂದಿನ ಚಕ್ರದ ಅಚ್ಚಿಗೆ 575 ಮಿ.ಮೀ. ಇದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಕ್ರ್ಯಾಂಕಿನ ಉದ್ದ 170 ಕಳೆಯಬೇಕು. 28 ಮಿ.ಮೀ. ಟಯರು ಹಾಕಿದ 700ಸಿ ಚಕ್ರದ ತ್ರಿಜ್ಯ ಸುಮಾರು 339, ಅದನ್ನೂ ಕಳೆದರೆ ಪೆಡಲಿನ ಅಚ್ಚಿಗೂ ಟಯರಿಗೂ ನಡುವೆ ಉಳಿಯುವುದು 66 ಮಿ.ಮೀ. ಪೆಡಲು ಚಕ್ರದ ಅಚ್ಚಿಗಿಂತ ಸ್ವಲ್ಪ ತಗ್ಗಿನಲ್ಲಿರುವುದರಿಂದ ನಿಜವಾದ ಅಂಕಿ ಐದಾರು ಮಿಲಿಮೀಟರ್ ಹೆಚ್ಚಿರುತ್ತದೆ, ಅಷ್ಟೇ. ಇನ್ನು ಬೂಟಿನ ಮೂತಿ ಪೆಡಲಿನ ಅಚ್ಚಿಗಿಂತ 80ರಿಂದ 90 ಮಿ.ಮೀ. ಮುಂದಕ್ಕೆ ಚಾಚಿಕೊಂಡಿರುತ್ತದೆ. ಅಂದಮೇಲೆ ಚಕ್ರ ತಿರುಗಿದಾಗ ಮೂತಿಗೆ ತಾಗಲೇಬೇಕು. ಪಾದವನ್ನು ಹಿಡಿದಿಡುವ ಸಾಧನವಿಲ್ಲದ ಸೈಕಲ್ಲುಗಳಲ್ಲಿ ಪೆಡಲಿನ ನಡುವಿನಿಂದ ಟಯರು ಅಥವಾ ಮಡ್‌ಗಾರ್ಡಿನವರೆಗೆ ಕನಿಷ್ಠ 89 ಮಿ.ಮೀ. ಇರಬೇಕೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ನಿಯಮವಿದೆ. ಕ್ಲೀಟ್ ಪೆಡಲ್ ಹಾಕಿದ ಸೈಕಲ್ಲಿಗೆ ಆ ನಿಯಮ ಅನ್ವಯಿಸುವುದಿಲ್ಲ. ರೇಸಿಂಗ್ ಸೈಕಲ್ಲುಗಳು ತಾಗುತ್ತವೆ ಎಂಬುದನ್ನು ಕಾನೂನು ಕೂಡ ಒಪ್ಪಿಕೊಂಡ ಹಾಗಾಯಿತು.

ಐದಡಿ ಎತ್ತರದ ನನ್ನ ತಂಗಿ ಹೊಸ ರೋಡ್ ಸೈಕಲ್ ತಂದ ವಾರ, ಗೇಟಿನೊಳಗೆ ತಿರುಗಿಸುವಾಗ ಕಾಲಿಗೆ ಚಕ್ರ ತಾಗಿ ತಡವರಿಸಿ, "ಅಣ್ಣಾ, ಇದೇನು ಡಿಫೆಕ್ಟ್ ಪೀಸಾ?" ಎಂದು ಕೇಳಿದಳು. ಡಿಫೆಕ್ಟ್ ಏನಲ್ಲ. ಆದರೂ ಅವಳ ಸಿಟ್ಟು ನ್ಯಾಯವಾದದ್ದೆಂದೇ ನಾನು ಹೇಳುತ್ತೇನೆ. ಆರಡಿಯವರ ಫ್ರೇಮಿಗೆ ಹೊಂದುವ 622 ಮಿ.ಮೀ. ರಿಮ್ಮನ್ನೇ ಐದಡಿಯವರ ಫ್ರೇಮಿಗೂ ತುರುಕುವುದರಿಂದ ಈ ತೊಂದರೆಯೆಲ್ಲ ಕುಳ್ಳಗಿರುವವರ, ಅದರಲ್ಲೂ ಹೆಂಗಸರ ಪಾಲಿಗೆ ಬರುತ್ತದೆ. 584 ಮಿ.ಮೀ.ನ 650ಬಿ ಚಕ್ರ ಇದೆ, 571ರ 650ಸಿ ಇದೆ, ಹಳೆಯ ಮೌಂಟನ್ ಸೈಕಲ್ಲುಗಳ 559 ಇದೆ. ಚಿಕ್ಕ ಫ್ರೇಮಿಗೆ ಚಿಕ್ಕ ಚಕ್ರ ಹಾಕಿದರೆ ಫೋರ್ಕನ್ನು ಅಡ್ಡಾದಿಡ್ಡಿ ಓರೆ ಮಾಡದೆಯೇ ಮೂತಿಗೆ ಜಾಗ ಸಿಗುತ್ತದೆ. ಎಲ್ಲ ಅಳತೆಗೂ ಒಂದೇ ಚಕ್ರ ಹಾಕುವುದು ತಯಾರಕರಿಗೆ ಅನುಕೂಲ, ಸವಾರರಿಗಲ್ಲ.

ಆದರೆ ತಾಗುವುದು ಯಾವಾಗ ಎಂಬುದನ್ನೂ ತಿಳಿಯಬೇಕು, ಇಲ್ಲದಿದ್ದರೆ ಅನಗತ್ಯವಾಗಿ ಹೆದರುತ್ತೇವೆ. ಚಕ್ರ ನೇರವಾಗಿದ್ದಾಗ ಪಾದ ಅದರ ಪಕ್ಕದಲ್ಲಿರುತ್ತದೆ, ಹಿಂದೆ ಅಲ್ಲ. ಆದ್ದರಿಂದ ತಾಗಬೇಕಾದರೆ ಹ್ಯಾಂಡಲನ್ನು ಸಾಕಷ್ಟು ತಿರುಗಿಸಿರಬೇಕು. ವೇಗವಾಗಿ ಹೋಗುವಾಗ ನಾವು ಸೈಕಲ್ಲನ್ನು ವಾಲಿಸಿ ತಿರುಗುತ್ತೇವೆಯೇ ಹೊರತು ಹ್ಯಾಂಡಲನ್ನು ಅಷ್ಟು ಹೊರಳಿಸುವುದಿಲ್ಲ. ಸಿಗ್ನಲ್ಲಿನಲ್ಲಿ ಬಸ್ಸು ಆಟೋಗಳ ಸಂದಿಯಿಂದ ನುಸುಳುವಾಗ, ಇಕ್ಕಟ್ಟಾದ ಅಂಗಳದಲ್ಲಿ ತಿರುಗಿಸುವಾಗ, ಕಡಿದಾದ ಘಾಟಿಯ ತಿರುವಿನಲ್ಲಿ ಉಸಿರು ಬಿಗಿಹಿಡಿದು ಏರುವಾಗ ಮಾತ್ರ ಅಪಾಯ. ಆಗುಂಬೆ ಘಾಟಿಯ 14 ತಿರುವುಗಳನ್ನು ಸೋಮೇಶ್ವರದ ಕಡೆಯಿಂದ ಹತ್ತಿದವರಿಗೆ ಇದು ಗೊತ್ತು. ತಿರುವಿನ ಒಳಅಂಚಿನಲ್ಲಿ ಏರು ಎಷ್ಟು ಕಡಿದಾಗಿದೆಯೆಂದರೆ ವೇಗ ನಡಿಗೆಗೆ ಇಳಿಯುತ್ತದೆ, ತುಳಿಯುವುದನ್ನು ನಿಲ್ಲಿಸುವಂತಿಲ್ಲ, ಹ್ಯಾಂಡಲ್ ತಿರುಗಲೇಬೇಕು. ಎಡಕ್ಕೆ ತಿರುಗಿಸಿದಾಗ ಚಕ್ರದ ಹಿಂಭಾಗ ಬಲಕ್ಕೆ ಬರುತ್ತದೆ, ಹಾಗಾಗಿ ತಾಗುವುದು ತಿರುವಿನ ಹೊರಗಡೆಯ ಪಾದಕ್ಕೆ. ಸಮತಟ್ಟಾದ ಜಾಗದಲ್ಲಿ ಹೊರಗಡೆಯ ಪಾದವನ್ನು ಹಿಂದಿಟ್ಟುಕೊಂಡು ಒಂದು ಕ್ಷಣ ತುಳಿಯದೆ ಸಾಗಿದರೆ ಕೆಲಸ ಮುಗಿಯುತ್ತದೆ. ಘಾಟಿಯಲ್ಲಾದರೆ ಎದುರಿನಿಂದ ವಾಹನ ಬರುತ್ತಿಲ್ಲವೆಂದು ಖಚಿತ ಮಾಡಿಕೊಂಡು ತಿರುವನ್ನು ಅಗಲವಾಗಿ ತೆಗೆದುಕೊಳ್ಳಬೇಕು. ಮಡ್‌ಗಾರ್ಡ್ ಹಾಕಿಸಿದವರು ಹೆಚ್ಚು ಜಾಗರೂಕರಾಗಿರಬೇಕು. ಟಯರಿಗೆ ತಾಗಿದ ಬೂಟು ಉಜ್ಜಿಕೊಂಡು ಜಾರಿಹೋಗುತ್ತದೆ, ಮಡ್‌ಗಾರ್ಡಿನ ಅಂಚಿಗೆ ತಾಗಿದರೆ ಸಿಕ್ಕಿಕೊಳ್ಳಬಹುದು.

ಚಕ್ರಕ್ಕೆ ತಾಗುವುದನ್ನು ಕ್ಲೀಟಿನಿಂದ ಎಷ್ಟು ಸರಿಪಡಿಸಬಹುದು? ನಾಲ್ಕೈದು ಮಿಲಿಮೀಟರ್ ಗಳಿಸಬಹುದು, ಅದಕ್ಕಿಂತ ಹೆಚ್ಚು ಆಸೆಪಡಬಾರದು. ಕ್ರ್ಯಾಂಕನ್ನು 170ರಿಂದ 165ಕ್ಕೆ ಇಳಿಸಿದರೆ ಇನ್ನೊಂದು ಐದು ಸಿಗುತ್ತದೆ, ಗಿಡ್ಡ ಕಾಲಿನವರಿಗೆ ಅದು ಬೇರೆ ಕಾರಣಗಳಿಗೂ ಒಳ್ಳೆಯದೇ. 32 ಮಿ.ಮೀ. ಟಯರಿನಿಂದ 25ಕ್ಕೆ ಇಳಿದರೆ ಏಳು ಸಿಗುತ್ತದೆ, ಆದರೆ ನಮ್ಮ ರಸ್ತೆಗಳಲ್ಲಿ ಆ ಏಳು ಮಿಲಿಮೀಟರಿಗಾಗಿ ಬೆನ್ನನ್ನು ಒತ್ತೆಯಿಡುವುದು ಜಾಣತನವಲ್ಲ. ಊರೊಳಗಿನ ಓಡಾಟವೇ ಹೆಚ್ಚಾಗಿದ್ದರೆ ಕ್ಲೀಟನ್ನೇ ಬಿಟ್ಟು ಚಪ್ಪಟೆ ಪೆಡಲ್ ಹಾಕಿಕೊಳ್ಳುವುದು ಎಲ್ಲಕ್ಕಿಂತ ಸರಳ ಉಪಾಯ. ತಿರುವು ಬಂದಾಗ ಪಾದವನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಎಳೆದುಕೊಂಡರಾಯಿತು. ತಂಗಿ ಕೊನೆಗೆ ಅದನ್ನೇ ಮಾಡಿದಳು.

ಪಾದವನ್ನು ಪೆಡಲಿಗೆ ಕಟ್ಟಿಹಾಕುವ ಚಾಳಿ ಹಳೆಯದು. ಉಕ್ಕಿನ ಟೋ ಕ್ಲಿಪ್ಪು ಮತ್ತು ಚರ್ಮದ ಪಟ್ಟಿಯ ಕಾಲ ಮುಗಿದದ್ದು ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ತನ್ನ ಪೆಡಲನ್ನು ಹೊರತಂದಾಗ. ಹಿಮದ ಮೇಲೆ ಜಾರುವ ಸ್ಕೀಗಳಿಗೆ ಬೂಟನ್ನು ಬಂಧಿಸುವ ಕೊಂಡಿಗಳನ್ನು ಮಾಡುತ್ತಿದ್ದ ಕಂಪನಿಯದು. ಮರುವರ್ಷ ಫ್ರಾನ್ಸಿನ ರೇಸ್ ಸವಾರ ಬೆರ್ನಾರ್ ಹಿನೋ ಅದೇ ಪೆಡಲನ್ನು ತುಳಿದು ತಮ್ಮ ಐದನೆಯ ಟೂರ್ ದ ಫ್ರಾನ್ಸ್ ಗೆದ್ದ ಮೇಲೆ ರೇಸಿನವರೆಲ್ಲ ಅದರತ್ತ ಹೊರಳಿದರು. 1990ರಲ್ಲಿ ಶಿಮಾನೊ ಕಂಪನಿಯ ಎಸ್‌ಪಿಡಿ ಎಂಬ ಪೆಡಲ್ ಬಂತು. ಎರಡು ಬೋಲ್ಟಿನ ಚಿಕ್ಕ ಉಕ್ಕಿನ ಕ್ಲೀಟು ಬೂಟಿನ ಅಟ್ಟೆಯೊಳಗೆ ಹುದುಗಿ ಕೂರುವುದರಿಂದ ಇಳಿದು ನಡೆಯಬಹುದು, ಹೋಟೆಲಿನ ಗ್ರಾನೈಟ್ ನೆಲದ ಮೇಲೆ ಜಾರಿ ಬೀಳದೆ ಇಡ್ಲಿ ತಿನ್ನಬಹುದು. ಮೊದಮೊದಲ ಕ್ಲೀಟುಗಳು ಪಾದವನ್ನು ಒಂದೇ ಕೋನದಲ್ಲಿ ಬಿಗಿಯಾಗಿ ಹಿಡಿಯುತ್ತಿದ್ದವು, ಮಂಡಿಗಳು ಅದಕ್ಕೆ ಒಪ್ಪಲಿಲ್ಲ. ಹಾಗಾಗಿ ಪಾದ ಅತ್ತಿತ್ತ ಸ್ವಲ್ಪ ಹೊರಳಲು ಆಸ್ಪದ ಕೊಡುವ ಫ್ಲೋಟ್ ಎಂಬ ಸಡಿಲಿಕೆ ಬಂತು. ಶಿಮಾನೊದ ಮೂರು ಬೋಲ್ಟಿನ ಎಸ್‌ಪಿಡಿ-ಎಸ್‌ಎಲ್ ಕ್ಲೀಟುಗಳಲ್ಲಿ ಕೆಂಪು ಬಣ್ಣದ್ದಕ್ಕೆ ಫ್ಲೋಟ್ ಇಲ್ಲ, ನೀಲಿಗೆ 2 ಡಿಗ್ರಿ, ಹಳದಿಗೆ 6 ಡಿಗ್ರಿ. ಲುಕ್ ಕಂಪನಿಯ ಕಿಯೊ ಕ್ಲೀಟುಗಳಲ್ಲಿ ಕಪ್ಪು ಸೊನ್ನೆ, ಬೂದು 4.5, ಕೆಂಪು 9. ಒಬ್ಬರ ಕೆಂಪು ಇನ್ನೊಬ್ಬರ ಕೆಂಪಿಗೆ ತದ್ವಿರುದ್ಧ ಎಂಬುದನ್ನು ಕೊಳ್ಳುವ ಮುಂಚೆ ನೆನಪಿಟ್ಟುಕೊಳ್ಳಬೇಕು.

ಈ ಫ್ಲೋಟು ಜಾಗದ ಲೆಕ್ಕವನ್ನು ಬದಲಿಸುತ್ತದೆ. ಕ್ಲೀಟಿನಿಂದ ಹಿಮ್ಮಡಿಯ ತುದಿಗೆ ಸುಮಾರು 190 ಮಿ.ಮೀ. ಇದ್ದರೆ, ಒಂದು ಡಿಗ್ರಿ ಹೊರಳಿದಾಗ ಹಿಮ್ಮಡಿ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ಚಲಿಸುತ್ತದೆ. ಹಳದಿ ಕ್ಲೀಟಿನ 6 ಡಿಗ್ರಿಯಲ್ಲಿ ಅರ್ಧ ಒಳಕ್ಕೆ ಎಂದರೆ ಹಿಮ್ಮಡಿ 10 ಮಿ.ಮೀ. ಒಳಕ್ಕೆ ಬರುತ್ತದೆ. ಅಂಗಡಿಯಲ್ಲಿ ಬೂಟನ್ನು ಸಿಕ್ಕಿಸಿ, ಪಾದವನ್ನು ನೇರವಾಗಿ ಹಿಡಿದು, "ನೋಡಿ ಸಾರ್, ಎಷ್ಟು ಗ್ಯಾಪ್ ಇದೆ" ಎಂದು ತೋರಿಸುವ ಗ್ಯಾಪು ಈ 10 ಮಿಲಿಮೀಟರಿನಲ್ಲಿ ಮಾಯವಾಗುತ್ತದೆ. ಸುಸ್ತಾದ ಮೇಲೆ ಪಾದ ತನಗೆ ಒಗ್ಗಿದ ಕಡೆಗೆ ಹೊರಳುತ್ತದೆ, ಹೊರಮುಖ ಪಾದದವರ ಹಿಮ್ಮಡಿ ಒಳಕ್ಕೇ ಬರುತ್ತದೆ. ಆದ್ದರಿಂದ ಜಾಗವನ್ನು ಅಳೆಯುವಾಗ ಹಿಮ್ಮಡಿಯನ್ನು ಫ್ಲೋಟಿನ ಒಳತುದಿಯವರೆಗೂ ತಳ್ಳಿ ಅಳೆಯಬೇಕು. ಆ ಸ್ಥಿತಿಯಲ್ಲಿ ಕ್ರ್ಯಾಂಕಿಗೂ ಬೂಟಿಗೂ ನಡುವೆ ಒಂದು ಪೆನ್ಸಿಲು ಸಲೀಸಾಗಿ ಹೋದರೆ ನನಗೆ ಸಮಾಧಾನ.

ಕ್ಲೀಟನ್ನು ಕೂರಿಸುವ ಮುನ್ನ ನಾನು ಮೇಜಿನ ಅಂಚಿನಲ್ಲಿ ಕೂತು ಕಾಲುಗಳನ್ನು ಇಳಿಬಿಡುತ್ತೇನೆ. ಮಂಡಿಯಿಂದ ಕೆಳಗೆ ಯಾವ ಬಿಗಿಯೂ ಇಲ್ಲದೆ ನೇತಾಡುವ ಪಾದ ಯಾವ ಕಡೆಗೆ ಮುಖಮಾಡಿದೆಯೋ ಹೆಚ್ಚುಕಡಿಮೆ ಅದೇ ಕೋನ ಪೆಡಲಿನ ಮೇಲೂ ಸಿಗಬೇಕು. ಬಳಿಕ ಬೂಟು ಹಾಕಿಕೊಂಡು, ಹೆಬ್ಬೆರಳಿನ ಬುಡದಲ್ಲಿ ಉಬ್ಬಿರುವ ಗೆಣ್ಣನ್ನು ಬೆರಳಿನಿಂದ ಒತ್ತಿ ಹುಡುಕಿ, ಬೂಟಿನ ಒಳಬದಿಯಲ್ಲಿ ಟೇಪಿನ ಚೂರೊಂದನ್ನು ಅಂಟಿಸುತ್ತೇನೆ. ಕಿರುಬೆರಳಿನ ಬುಡದ ಗೆಣ್ಣಿಗೂ ಹಾಗೆಯೇ. ಹೆಬ್ಬೆರಳಿನ ಗೆಣ್ಣು ಮುಂದಿರುತ್ತದೆ, ಕಿರುಬೆರಳಿನದು ಹಿಂದಿರುತ್ತದೆ. ಪೆಡಲಿನ ಅಚ್ಚು ಇವೆರಡರ ನಡುವೆ ಎಲ್ಲಾದರೂ ಬಂದರೆ ಶುರುಮಾಡಲು ಸಾಕು. ದಿನವಿಡೀ ತುಳಿಯುವವರು ಹಿಂದಿನ ಗುರುತಿನ ಕಡೆಗೆ ಸರಿದಷ್ಟೂ ಮೀನಖಂಡಕ್ಕೂ, ಬೆರಳುಗಳ ಬುಡದಲ್ಲಿ ಏಳುವ ಉರಿಗೂ ಒಳ್ಳೆಯದು. ಹಾಗೆ ಹಿಂದಕ್ಕೆ ಸರಿಸಿದಾಗ ಕಾಲು ಚಾಚಬೇಕಾದ ದೂರ ತುಸು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ, ಆದ್ದರಿಂದ ಸೀಟನ್ನೂ ಒಂದೆರಡು ಮಿಲಿಮೀಟರ್ ಇಳಿಸಬೇಕಾಗುತ್ತದೆ. ಎಸ್‌ಪಿಡಿ ಬೂಟಿನ ಅಟ್ಟೆಯಲ್ಲಿ ಮುಂದೊಂದು ಹಿಂದೊಂದು ಎಂದು ಎರಡು ಜೊತೆ ತೂತುಗಳಿರುವುದನ್ನು ಅನೇಕರು ಗಮನಿಸಿಯೇ ಇರುವುದಿಲ್ಲ.

ಕೋನದ ವಿಷಯ ತಲೆ ತಿರುಗಿಸುವಂಥದ್ದು, ಏಕೆಂದರೆ ಇಲ್ಲಿ ಎಲ್ಲವೂ ಎದುರುಬದುರು. ಸೈಕಲ್ಲಿನ ಮೇಲೆ ಕ್ಲೀಟು ಯಾವಾಗಲೂ ನೇರ ಮುಂದಕ್ಕೇ ನೋಡುತ್ತದೆ, ತಿರುಗುವುದು ಬೂಟು. ಕ್ಲೀಟಿನ ಮೂತಿಯನ್ನು ಬೂಟಿನ ಕಿರುಬೆರಳಿನ ಕಡೆಗೆ ಹೊರಳಿಸಿದರೆ ಪೆಡಲಿನ ಮೇಲೆ ಬೂಟಿನ ಮೂತಿ ಒಳಕ್ಕೂ ಹಿಮ್ಮಡಿ ಹೊರಕ್ಕೂ ಹೋಗುತ್ತದೆ. ಹೆಬ್ಬೆರಳಿನ ಕಡೆಗೆ ಹೊರಳಿಸಿದರೆ ಹಿಮ್ಮಡಿ ಕ್ರ್ಯಾಂಕಿನತ್ತ ಬರುತ್ತದೆ. ಅಡ್ಡಕ್ಕೆ ಸರಿಸುವಾಗಲೂ ಇದೇ ಕಥೆ. ಕ್ಲೀಟನ್ನು ಬೂಟಿನ ಒಳಅಂಚಿಗೆ ಸರಿಸಿದರೆ ಪಾದ ಕ್ರ್ಯಾಂಕಿನಿಂದ ಆಚೆ ಹೋಗುತ್ತದೆ. ಹಿಮ್ಮಡಿ ಉಜ್ಜುತ್ತದೆಯೆಂದು ಕೂಡಲೇ ಕೋನ ಬದಲಿಸಿ ಹಿಮ್ಮಡಿಯನ್ನು ಹೊರಕ್ಕೆ ತಳ್ಳುವುದು ಸುಲಭದ ದಾರಿ, ನನಗದು ಒಪ್ಪಿಗೆಯಿಲ್ಲ. ಹೊರಮುಖವಾಗಿ ನಿಲ್ಲುವ ಪಾದವನ್ನು ಬಲವಂತವಾಗಿ ನೇರ ಮಾಡಿದರೆ ತಿರುಚುವ ಬಲ ಮಂಡಿಯ ಮೇಲೆ ಬೀಳುತ್ತದೆ. ನನ್ನ ಬಲಪಾದದ ಕೋನವನ್ನು ಹಾಗೆಯೇ ಬಿಟ್ಟು, ಕ್ಲೀಟನ್ನು ಒಳಅಂಚಿಗೆ ಸರಿಸಿ, ಇಡೀ ಪಾದವನ್ನೇ ಆಚೆಗೆ ಒಯ್ದ ಮೇಲೆ ಉಜ್ಜುವುದು ಬಹುಪಾಲು ನಿಂತಿತು.

ಬಹುಪಾಲು ಎಂದೆ, ಪೂರ್ತಿ ಅಲ್ಲ. ಕ್ಲೀಟು ಅಡ್ಡಕ್ಕೆ ಸರಿಯುವುದು ಕೆಲವೇ ಮಿಲಿಮೀಟರ್. ಅದಕ್ಕೂ ಮೀರಿ ಬೇಕಾದರೆ ಪೆಡಲಿಗೇ ಕೈಹಾಕಬೇಕು. ಎರಡು ಕ್ರ್ಯಾಂಕುಗಳ ಹೊರಮೈಗಳ ನಡುವಿನ ಅಂತರವನ್ನು ಕ್ಯೂ-ಫ್ಯಾಕ್ಟರ್ ಎನ್ನುತ್ತಾರೆ. ರೋಡ್ ಸೈಕಲ್ಲಿನಲ್ಲಿ ಇದು ಸಾಮಾನ್ಯವಾಗಿ 145ರಿಂದ 150 ಮಿ.ಮೀ., ಮೌಂಟನ್ ಸೈಕಲ್ಲಿನಲ್ಲಿ 165ಕ್ಕಿಂತ ಹೆಚ್ಚು. ಅದರಾಚೆ ಪೆಡಲಿನ ಅಚ್ಚಿನ ಉದ್ದ ಸೇರಿ ಪಾದಗಳ ನಡುವಿನ ನಿಜವಾದ ಅಗಲ ನಿರ್ಧಾರವಾಗುತ್ತದೆ. ಕ್ರ್ಯಾಂಕಿಗೂ ಪೆಡಲಿಗೂ ನಡುವೆ ಒಂದು ಮಿಲಿಮೀಟರಿನ ವಾಷರ್ ಹಾಕುವುದು ಅಗ್ಗದ ಉಪಾಯ. ಆದರೆ ಹಾಕಿದಷ್ಟೂ ಥ್ರೆಡ್ಡಿನ ಹಿಡಿತ ಕಡಿಮೆಯಾಗುವುದರಿಂದ ಮೂರು ನಾಲ್ಕು ವಾಷರ್ ಪೇರಿಸುವುದು ತರವಲ್ಲ. ಶಿಮಾನೊದವರು ಕೆಲವು ರೋಡ್ ಪೆಡಲುಗಳನ್ನು ನಾಲ್ಕು ಮಿ.ಮೀ. ಉದ್ದನೆಯ ಅಚ್ಚಿನೊಂದಿಗೂ ಮಾರುತ್ತಾರೆ, ದುಬಾರಿಯಾದರೂ ನನ್ನ ಮತ ಅದಕ್ಕೇ. ಪೆಡಲಿಗೂ ಕ್ರ್ಯಾಂಕಿಗೂ ನಡುವೆ ತಿರುಪಿ ಸೇರಿಸುವ 20 ಮಿ.ಮೀ.ನ ಎಕ್ಸ್‌ಟೆಂಡರುಗಳೂ ಸಿಗುತ್ತವೆ. ಸೊಂಟ ಅಗಲವಿದ್ದು ಪಾದ ತೀರಾ ಹೊರಮುಖವಾಗಿರುವವರಿಗೆ ಅವು ನಿಜಕ್ಕೂ ಉಪಕಾರಿ. ಒಂದೆರಡು ಮಿಲಿಮೀಟರಿನ ಕೊರತೆಗೆ 20 ಮಿಲಿಮೀಟರಿನ ಮದ್ದು ಕೊಟ್ಟರೆ ಮಾತ್ರ ಉಜ್ಜುವುದು ನಿಂತು ಮಂಡಿ ನೋವು ಶುರುವಾಗುತ್ತದೆ. ತಿರುವಿನಲ್ಲಿ ವಾಲಿದಾಗ ಪೆಡಲ್ ಬೇಗ ನೆಲ ಮುಟ್ಟುವ ಅಪಾಯವೂ ಅದರ ಜೊತೆಗೆ ಬರುತ್ತದೆ. ಕ್ರ್ಯಾಂಕಿನ ಅಚ್ಚು ನೆಲದಿಂದ 270 ಮಿ.ಮೀ. ಎತ್ತರದಲ್ಲಿದ್ದು ಕ್ರ್ಯಾಂಕು 170 ಇದ್ದರೆ, ಕೆಳಗಿಳಿದ ಪೆಡಲಿನ ಅಚ್ಚಿಗೂ ರಸ್ತೆಗೂ ನಡುವೆ ಇರುವುದು 100 ಮಿ.ಮೀ. ಮಾತ್ರ. ತಿರುವಿನ ಒಳಗಡೆಯ ಪೆಡಲ್ ಮೇಲಿರಬೇಕು, ನಮ್ಮ ರಸ್ತೆಗಳ ಮನಬಂದ ಎತ್ತರದ ಹಂಪ್ ದಾಟುವಾಗ ಎರಡೂ ಪೆಡಲುಗಳು ಸಮನಾಗಿರಬೇಕು. ನೆಲದ ಕಡೆಯ ಜಾಗಕ್ಕೆ ಇದಕ್ಕಿಂತ ಹೆಚ್ಚಿನ ಹೊಂದಾಣಿಕೆಯೇನೂ ಇಲ್ಲ.

ಪೆಡಲ್ ಬಿಚ್ಚುವ ವಿಚಾರದಲ್ಲಿ ಒಂದು ಮಾತು. ಎಡಗಡೆಯದು ಉಲ್ಟಾ ಥ್ರೆಡ್ ಎಂಬುದು ನಮ್ಮ ಯಾವ ಸೈಕಲ್ ಶಾಪಿನ ಹುಡುಗನಿಗೂ ಗೊತ್ತು. ತುಳಿಯುವಾಗ ಅಚ್ಚಿನ ಮೇಲೆ ಬೀಳುವ ಭಾರದ ದಿಕ್ಕು ಸುತ್ತುತ್ತಲೇ ಇರುವುದರಿಂದ ಅಚ್ಚು ಕ್ರ್ಯಾಂಕಿನ ತೂತಿನೊಳಗೆ ಎದುರು ದಿಕ್ಕಿಗೆ ಇಷ್ಟಿಷ್ಟೇ ಹೊರಳುತ್ತದೆ. ಎಡಕ್ಕೂ ಸಾಮಾನ್ಯ ಥ್ರೆಡ್ ಇದ್ದಿದ್ದರೆ ಅದು ದಾರಿಯಲ್ಲೇ ಕಳಚಿಕೊಳ್ಳುತ್ತಿತ್ತು. ಎಡ ಬಲ ನೆನಪಿಡುವುದಕ್ಕಿಂತ, ಸ್ಪ್ಯಾನರನ್ನು ಮೇಲ್ಮುಖವಾಗಿ ನಿಲ್ಲಿಸಿ ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಎರಡೂ ಬಿಗಿಯಾಗುತ್ತವೆ, ಹಿಂದಿನ ಚಕ್ರದ ಕಡೆಗೆ ತಳ್ಳಿದರೆ ಎರಡೂ ಸಡಿಲವಾಗುತ್ತವೆ ಎಂದು ನೆನಪಿಡುವುದು ಸುಲಭ. ಸ್ಪ್ಯಾನರಾದರೆ 15 ಮಿ.ಮೀ., ಹಿಂಬದಿಯಿಂದ ಅಲೆನ್ ಕೀ ಹಾಕುವ ಪೆಡಲಾದರೆ 6 ಅಥವಾ 8. ಮರಳಿ ಹಾಕುವಾಗ ಥ್ರೆಡ್ಡಿಗೆ ಗ್ರೀಸ್ ಸವರಿ, ಮೊದಲ ಸುತ್ತುಗಳನ್ನು ಕೈಬೆರಳಿನಿಂದಲೇ ತಿರುಗಿಸಬೇಕು. ಉಕ್ಕಿನ ಅಚ್ಚು ಅಲ್ಯುಮಿನಿಯಂ ಕ್ರ್ಯಾಂಕಿಗೆ ಸೊಟ್ಟಗೆ ಹತ್ತಿತೆಂದರೆ ಹಾಳಾಗುವುದು ಕ್ರ್ಯಾಂಕು. ಗ್ರೀಸ್ ಇಲ್ಲದೆ ಕರಾವಳಿಯ ಒಂದು ಮಳೆಗಾಲ ಕಳೆದ ಪೆಡಲನ್ನು ಬಿಚ್ಚಲು ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಇಬ್ಬರು ಹೆಣಗಾಡಿದ್ದನ್ನು ನಾನು ನೋಡಿದ್ದೇನೆ. ಕ್ಲೀಟಿನ ಬೋಲ್ಟುಗಳಿಗೂ ಗ್ರೀಸ್ ಬೇಕು, ಅವನ್ನು 5ರಿಂದ 6 ನ್ಯೂಟನ್ ಮೀಟರ್ ಬಿಗಿಯಬೇಕು. ಕೈಯಂದಾಜಿನಲ್ಲಿ ಬಿಗಿದ ಕ್ಲೀಟು ಜರುಗಿದರೆ ಪೆಡಲಿನಿಂದ ಪಾದ ಬಿಡಿಸಿಕೊಳ್ಳಲು ಹಿಮ್ಮಡಿ ಹೊರಳಿಸಿದಾಗ ಕ್ಲೀಟು ಬೂಟಿನಡಿಯಲ್ಲೇ ಸುತ್ತುತ್ತದೆ, ಪಾದ ಮಾತ್ರ ಅಲ್ಲೇ ಇರುತ್ತದೆ. ಸಿಗ್ನಲ್ಲಿನಲ್ಲಿ ನಿಂತಲ್ಲೇ ಬೀಳುವುದು ಹೀಗೆ.

ಇನ್ನುಳಿದದ್ದು ಹಿಂದಿನ ಜಾಗ, ಚೀಲ ಕಟ್ಟಿಕೊಂಡು ದೂರ ಹೋಗುವವರ ಪಾಡು. ಪೆಡಲ್ ಹಿಂದಕ್ಕೆ ಬಂದಾಗ ಹಿಮ್ಮಡಿಯ ತುದಿ ಕ್ರ್ಯಾಂಕಿನ ಅಚ್ಚಿನಿಂದ 170 ಮತ್ತು 190, ಎಂದರೆ 360 ಮಿ.ಮೀ. ಹಿಂದಿರುತ್ತದೆ. ರೇಸಿಂಗ್ ಸೈಕಲ್ಲಿನಲ್ಲಿ ಹಿಂದಿನ ಚಕ್ರದ ಅಚ್ಚೇ 410ರ ಆಸುಪಾಸಿನಲ್ಲಿದೆ. 300 ಮಿ.ಮೀ. ಅಗಲದ ಚೀಲವನ್ನು ಚಕ್ರದ ಅಚ್ಚಿನ ನೇರಕ್ಕೆ ತೂಗುಹಾಕಿದರೆ ಅದರ ಮುಂದಿನ ಅಂಚು 260ಕ್ಕೆ ಬರುತ್ತದೆ. ಪ್ರತಿ ಸುತ್ತಿಗೂ ಹಿಮ್ಮಡಿ ಚೀಲಕ್ಕೆ ಗುದ್ದುವುದು ಇದರಿಂದಲೇ. ಪ್ರವಾಸದ ಸೈಕಲ್ಲುಗಳ ಚೈನ್‌ಸ್ಟೇಯನ್ನು 450ರಷ್ಟು ಉದ್ದ ಮಾಡುವುದು, ಚೀಲಗಳ ಮುಂದಿನ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸುವುದು ಈ ಕಾರಣಕ್ಕೆ. ನಮ್ಮಲ್ಲಿರುವ ಸೈಕಲ್ಲಿಗೇ ಚೀಲ ಕಟ್ಟಬೇಕಾದರೆ ಕ್ಯಾರಿಯರಿನ ಮೇಲೆ ಕೊಕ್ಕೆಗಳನ್ನು ಎಷ್ಟು ಹಿಂದಕ್ಕೆ ಸರಿಸಲು ಸಾಧ್ಯವೋ ಅಷ್ಟು ಸರಿಸಬೇಕು. ಭಾರ ಹಿಂದಕ್ಕೆ ಹೋದಷ್ಟೂ ಏರಿನಲ್ಲಿ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ತೂರಾಡುತ್ತದೆ, ಆದ್ದರಿಂದ ತೂಕದ ಸಾಮಾನು ಚೀಲದ ತಳದಲ್ಲಿ, ಮುಂದಿನ ಮೂಲೆಯಲ್ಲಿರಲಿ. ಇದಕ್ಕಾಗಿ ಕ್ಲೀಟನ್ನು ಹಿಂದಕ್ಕೊಯ್ದು ಪಾದವನ್ನು ಮುಂದೂಡಲು ಹೋದರೆ ಅತ್ತ ಮುಂದಿನ ಚಕ್ರ ಕಾದಿರುತ್ತದೆ.

ಇಷ್ಟೆಲ್ಲವನ್ನೂ ಒಂದೇ ಸಂಜೆ ಮಾಡಿ ಮುಗಿಸಬಾರದು. ಒಂದು ಬಾರಿಗೆ ಒಂದೇ ಬದಲಾವಣೆ, ಅದೂ ಎರಡು ಮಿಲಿಮೀಟರಿಗಿಂತ ಹೆಚ್ಚಿಲ್ಲ, ಆಮೇಲೆ ಕೆಲವು ದಿನ ಎಂದಿನ ದಾರಿಯಲ್ಲೇ ಸವಾರಿ. ಬೋಲ್ಟು ಸಡಿಲಿಸುವ ಮುನ್ನ ಕ್ಲೀಟಿನ ಸುತ್ತ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದಿದ್ದರೆ ಹೊಸ ಜಾಗ ಹಿಡಿಸದಿದ್ದಾಗ ಮರಳಿ ಹೋಗಲು ದಾರಿಯಿರುತ್ತದೆ. ಪ್ಲಾಸ್ಟಿಕ್ ಕ್ಲೀಟುಗಳು ಸವೆದಂತೆ ಪಾದದ ಆಟ ಹೆಚ್ಚಾಗುತ್ತದೆ, ಸರಿಯಾಗಿದ್ದ ಹಿಮ್ಮಡಿ ಮತ್ತೆ ಕ್ರ್ಯಾಂಕಿಗೆ ತಾಗುತ್ತದೆ. ಆಗ ಬೇಕಾದದ್ದು ಹೊಸ ಕ್ಲೀಟು, ಹೊಸ ಹೊಂದಾಣಿಕೆಯಲ್ಲ. ಮಲೆನಾಡಿನ ಮಳೆಯಲ್ಲಿ ಬೂಟಿನ ಮೇಲೆ ಕವರ್ ಹಾಕಿಕೊಳ್ಳುವವರು ಅದರ ದಪ್ಪವನ್ನೂ ಲೆಕ್ಕಕ್ಕೆ ಸೇರಿಸಬೇಕು. ಬೇಸಿಗೆಯಲ್ಲಿ ಪೆನ್ಸಿಲು ಹೋಗುತ್ತಿದ್ದ ಸಂದಿಯಲ್ಲಿ ಜುಲೈ ತಿಂಗಳಲ್ಲಿ ಕವರಿನ ರಬ್ಬರು ಹರಿಯುತ್ತಿರುತ್ತದೆ, ಆಗ ಬಲಗಡೆಗೆ ಒಂದು ಮಿಲಿಮೀಟರಿನ ವಾಷರ್ ಹಾಕಿ ಮಳೆ ಮುಗಿದ ಮೇಲೆ ತೆಗೆಯುವುದು ನನ್ನ ರೂಢಿ.